ಬಾಲಕ್ಕೆ ಭಾರ ಕಟ್ಟಿದ್ರೆ ರಾಕೆಟ್ ನೆಟ್ಟಗೆ ಹೋಗುತ್ತಾ?

ಪ್ರಶ್ನೆ: ಸರ್, ಮಾದರಿ ರಾಕೆಟ್ ಹೇಗೆ ಹಾರುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಓಪನ್‌ರಾಕೆಟ್‌ನಲ್ಲಿ ನನ್ನ ರಾಕೆಟ್ಟಿನ ಸ್ಟೆಬಿಲಿಟಿ, ಅಂದ್ರೆ ನೆಟ್ಟಗೆ ಹಾರೋ ಸ್ಥಿರತೆ, 0.5 ಕ್ಯಾಲಿಬರ್ ಅಷ್ಟೇ ಬರ್ತಿದೆ. ಕೆಳಗಡೆ ಸ್ವಲ್ಪ ಭಾರ ಹಾಕಿದ್ರೆ ನೆಟ್ಟಗೆ ಹೋಗುತ್ತಲ್ವಾ?

ಹೋಗಲ್ಲ. ಭಾರ ಹಾಕೋದಾದ್ರೆ ಮೂತಿಗೆ ಹಾಕಿ. ಇದನ್ನ ಎಷ್ಟು ಸಲ ಬರೆದಿದ್ದೀನೋ ಲೆಕ್ಕ ಇಲ್ಲ, ಈ ನಂಬಿಕೆ ಮಾತ್ರ ಹೋಗ್ತಾನೇ ಇಲ್ಲ, ಅದಕ್ಕೇ ಈ ಸಲ ಬುಡದಿಂದ ಹೇಳ್ತೀನಿ.

ತಳ ಭಾರ ಇದ್ರೆ ಬೀಳಲ್ಲ ಅನ್ನೋದು ತಂಜಾವೂರು ಬೊಂಬೆಗೆ ಸರಿ, ಅದರ ಕೆಳಗೆ ನೆಲ ಇದೆ. ಹಾರ್ತಿರೋ ರಾಕೆಟ್ಟಿಗೆ ನೆಲ ಎಲ್ಲಿದೆ? ಅದು ತಿರುಗೋದು ತನ್ನ ಗುರುತ್ವ ಕೇಂದ್ರದ ಸುತ್ತ, ಅಂದ್ರೆ ಸಿಜಿ ಸುತ್ತ, ಭೂಮಿ ಎಳೆಯೋದೂ ಅದೇ ಬಿಂದುವಲ್ಲಿ, ಹಂಗಾಗಿ ತೂಕ ಎಲ್ಲೇ ಇರಲಿ ಅದು ಓರೆಯಾದ ರಾಕೆಟ್ಟನ್ನ ನೆಟ್ಟಗೆ ಮಾಡಕ್ಕಾಗಲ್ಲ. ಆ ಕೆಲಸ ಗಾಳಿದು. ಗಾಳಿಯ ತಳ್ಳುವಿಕೆ ಒಟ್ಟಾಗಿ ಬೀಳೋ ಜಾಗ ಸಿಪಿ. ಅದು ಸಿಜಿಗಿಂತ ಹಿಂದಿದ್ರೆ ಮೂತಿ ಓರೆಯಾದಾಗ ಗಾಳಿ ಬಾಲ ತಳ್ಳಿ ಸರಿ ಮಾಡುತ್ತೆ, ಮುಂದಿದ್ರೆ ಇನ್ನೂ ತಿರುಗಿಸಿ ಲಾಗ ಹಾಕಿಸುತ್ತೆ. ಬಾಣದಲ್ಲಿ ಕಬ್ಬಿಣ ತುದಿಗೆ, ಗರಿ ಹಿಂದಕ್ಕೆ ಇರೋದು ಇದಕ್ಕೇ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1926ರ ಮಾರ್ಚ್ 16ರಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡ್ಡಾರ್ಡ್ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ಟಲ್ಲಿ ಎಂಜಿನ್ ಮೇಲೆ, ಟ್ಯಾಂಕು ಕೆಳಗೆ ಇತ್ತು, ಭಾರ ಕೆಳಗೆ ತೂಗಿದ್ರೆ ನೆಟ್ಟಗೆ ಹೋಗುತ್ತೆ ಅಂತ. ಆಮೇಲೆ ಅವರೇ ಎಂಜಿನ್ನನ್ನ ಕೆಳಗೆ ತಂದ್ರು, ಯಾಕಂದ್ರೆ ರಾಕೆಟ್ ಓರೆಯಾದ್ರೆ ಎಂಜಿನ್ನೂ ಜೊತೆಗೇ ಓರೆಯಾಗುತ್ತೆ, ಎಲ್ಲಿಟ್ಟರೂ ಅಷ್ಟೇ.

ಲೆಕ್ಕ ಹಾಕಿ ನೋಡಿ. ವ್ಯಾಸ 4 ಸೆಂಮೀ, ತೂಕ 200 ಗ್ರಾಂ, ಮೂತಿಯಿಂದ ಸಿಜಿ 38 ಸೆಂಮೀ, ಸಿಪಿ 40 ಸೆಂಮೀ ಅಂತ ಇಟ್ಕೊಳ್ಳಿ, ಸಿಜಿ, ಸಿಪಿ ನಡುವಿನ ದೂರ 2ನ್ನ ವ್ಯಾಸ 4ರಿಂದ ಭಾಗಿಸಿದ್ರೆ ನಿಮ್ಮ 0.5 ಕ್ಯಾಲಿಬರ್. ಬಾಲದ ಹತ್ರ, 58 ಸೆಂಮೀಗೆ, 20 ಗ್ರಾಂ ಅಂಟಿಸಿದ್ರೆ ಸಿಜಿ 39.8ಕ್ಕೆ ಜಾರಿ ಸ್ಟೆಬಿಲಿಟಿ 0.05 ಆಯ್ತು. ಅದೇ 20 ಗ್ರಾಂ ಮೂತಿಯೊಳಗೆ 4 ಸೆಂಮೀಗೆ ಇಡಿ, ಸಿಜಿ 34.9, ಸ್ಟೆಬಿಲಿಟಿ ಸುಮಾರು 1.3. ನಮಗೆ ಬೇಕಿರೋದು 1ರಿಂದ 2.

ಫಿನ್, ಅಂದ್ರೆ ಬಾಲದ ರೆಕ್ಕೆ, ದೊಡ್ಡದು ಮಾಡಿದ್ರೂ ಆಗುತ್ತೆ, ಆದ್ರೆ ಉದ್ದುದ್ದ ಎಳೆಯೋದಕ್ಕಿಂತ ಹೊರಗಡೆಗೆ ಚಾಚಿಸಿ, ಸಿಪಿ ಲೆಕ್ಕ ಹಾಕೋ ಬ್ಯಾರೋಮನ್ ಸೂತ್ರದಲ್ಲಿ ಚಾಚಿಗೇ ಹೆಚ್ಚು ಬೆಲೆ. ಹಂಗಂತ ಅತಿ ಬೇಡ, ಜಾಸ್ತಿ ಸ್ಟೇಬಲ್ ಆದ ರಾಕೆಟ್ ಗಾಳಿ ಬರೋ ಕಡೆಗೇ ಮೂತಿ ತಿರುಗಿಸ್ಕೊಂಡು ಹೋಗುತ್ತೆ. ಮತ್ತೆ ಸಿಮ್ಯುಲೇಶನ್ನಲ್ಲಿ ಮೋಟರ್ ಆಯ್ಕೆ ಮಾಡಿಯೇ ನಂಬರ್ ನೋಡಿ, ಮೋಟರ್ ಕೂರೋದು ಬಾಲದಲ್ಲಿ, ಅದಿಲ್ಲದ ಖಾಲಿ ರಾಕೆಟ್ಟಿನ ಸಿಜಿ ಯಾವಾಗ್ಲೂ ಚೆನ್ನಾಗೇ ಕಾಣುತ್ತೆ. ಅಂಟು, ಬಣ್ಣ ಎಲ್ಲ ಒಣಗಿದ ಮೇಲೆ ಮೋಟರ್ ಹಾಕಿ ಬೆರಳ ಮೇಲೆ ತೂಗಿಸಿ, ನಿಜವಾದ ಸಿಜಿಯನ್ನ ಪ್ರೋಗ್ರಾಮಿಗೆ ಕೊಡಿ. ನಾನು ಅಲ್ಲೇ ಪೆನ್ಸಿಲ್ ಗೆರೆ ಎಳೆದು, ದಾರ ಕಟ್ಟಿ, ತಲೆ ಮೇಲೆ ಸುತ್ತ ಬೀಸಿ ನೋಡ್ತೀನಿ, ಮೂತಿ ಮುಂದಾಗಿ ಸುತ್ತಿದ್ರೆ ಮನಸ್ಸಿಗೆ ಧೈರ್ಯ.

ಹಾಗಾದ್ರೆ ದೀಪಾವಳಿ ರಾಕೆಟ್ಟಿನ ಕಡ್ಡಿ ಹಿಂದಿನ ಭಾರ ಅಲ್ವಾ? ಅಲ್ಲ. ಕಡ್ಡಿ ಹಗುರ, ಆದ್ರೆ ಉದ್ದ, ಗಾಳಿ ಅದನ್ನ ತುಂಬಾ ಹಿಂದೆ ಹಿಡಿಯುತ್ತೆ, ಹಂಗಾಗಿ ಸಿಜಿ ಸರಿದಿದ್ದಕ್ಕಿಂತ ಸಿಪಿ ಜಾಸ್ತಿ ಹಿಂದಕ್ಕೆ ಸರಿಯುತ್ತೆ. ಟಿಪ್ಪು ಕಾಲದ ರಾಕೆಟ್ಟಿಗೂ ಬಿದಿರೇ ಬಾಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಬಾವಿಯಿಂದ ಸಾವಿರಕ್ಕೂ ಹೆಚ್ಚು ಸಿಕ್ಕಿದ್ವಲ್ಲ, ಆ ಕಬ್ಬಿಣದ ಕೊಳವೆಗಳು ಬಿದಿರು ಇಲ್ದೆ ಹಾರಿದ್ರೆ ಗಾಳಿಯಲ್ಲಿ ಪಲ್ಟಿ ಹೊಡೀತಿದ್ವು.