‘ಒಂದು ಇಂಚಿನ ಸೆನ್ಸರ್’: ಎಲ್ಲಿದೆ ಆ ಇಂಚು?

ಜೇಬಿಗೆ ಹಿಡಿಸುವ ಕ್ಯಾಮೆರಾ ಯಾವುದು ತಗೊಳ್ಳಬೇಕು ಅಂತ ಹೇಳುವ ಇನ್ನೊಂದು ವಿಡಿಯೊ ಮೊನ್ನೆ ಕಣ್ಣಿಗೆ ಬಿತ್ತು. ಹುಡುಗ ಕ್ಯಾಮೆರಾವನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಸ್ಕೇಲ್ ಬೇರೆ ಹಿಡಿದಿದ್ದ. ‘ಇದರೊಳಗೆ ಪೂರ್ತಿ ಒಂದು ಇಂಚಿನ ಸೆನ್ಸರ್ ಇದೆ, ಅಂದರೆ 25.4 ಮಿಲಿಮೀಟರ್’ ಎಂದು ಸ್ಕೇಲಿನ ಮೇಲೆ ಬೆರಳಿಟ್ಟು ತೋರಿಸಿದ. ಸ್ಕೇಲ್ ತಂದಿದ್ದು ಒಳ್ಳೆಯದೇ. ಒಮ್ಮೆ ಅಳೆದು ಆಮೇಲೆ ಮಾತಾಡಿದ್ದರೆ ಇನ್ನೂ ಒಳ್ಳೆಯದಿತ್ತು.

ಸೆನ್ಸರ್ ಅಂದರೆ ಲೆನ್ಸಿನಿಂದ ಬಂದ ಬೆಳಕನ್ನು ಚಿತ್ರವಾಗಿ ಹಿಡಿಯುವ ಚಿಪ್. ಒಂದು ಇಂಚಿನ ಸೆನ್ಸರ್ ಎಂದು ಕರೆಯುವ ಚಿಪ್‌ನ ಅಗಲ 13.2 ಮಿ.ಮೀ., ಎತ್ತರ 8.8 ಮಿ.ಮೀ. ಎರಡೂ ಇಂಚಿನ ಹತ್ತಿರ ಸುಳಿಯುವುದಿಲ್ಲ. ‘ಟಿವಿ ಥರ ಮೂಲೆಯಿಂದ ಮೂಲೆಗೆ ಅಳೆದಿರಬೇಕು’ ಅನ್ನುವವರಿದ್ದಾರೆ. ಅಳೆದು ನೋಡಿ, 16 ಮಿ.ಮೀ. ಕೂಡ ತುಂಬುವುದಿಲ್ಲ. ಆ ಚಿಪ್‌ನಲ್ಲಿ ಯಾವ ಕಡೆಯಿಂದ ಹುಡುಕಿದರೂ ಇಂಚು ಸಿಗುವುದಿಲ್ಲ. ಯಾಕೆಂದರೆ ಅದು ಚಿಪ್‌ನ ಅಳತೆಯೇ ಅಲ್ಲ. ಈಗ ಯಾರೂ ಬಳಸದ ಒಂದು ಗಾಜಿನ ಟ್ಯೂಬಿನ ಅಳತೆ.

ಸೆನ್ಸರ್ ಚಿಪ್‌ಗಳು ಬರುವ ಮೊದಲು ಟಿವಿ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಕೆಲಸ ಮಾಡುತ್ತಿದ್ದದ್ದು ಟ್ಯೂಬುಗಳು. ಅವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ವಿಡಿಕಾನ್. 1950ರ ಸುಮಾರಿಗೆ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ತಯಾರಾದದ್ದು. ಟ್ಯೂಬಿನ ಮುಂದಿನ ಗಾಜಿನ ಒಳಮೈಗೆ ತೆಳ್ಳಗೆ ಒಂದು ಲೇಪ ಹಚ್ಚಿರುತ್ತಿದ್ದರು. ಬೆಳಕು ಬಿದ್ದ ಕಡೆ ಮಾತ್ರ ಕರೆಂಟ್ ಚೆನ್ನಾಗಿ ಹರಿಯಲು ಬಿಡುವ ಲೇಪ ಅದು. ಲೆನ್ಸ್ ಅದರ ಮೇಲೆ ಚಿತ್ರ ಮೂಡಿಸುತ್ತಿತ್ತು. ಹಿಂದಿನಿಂದ ಎಲೆಕ್ಟ್ರಾನ್ ಕಿರಣ ಸಾಲು ಸಾಲಾಗಿ ಓಡಿ ಅದನ್ನು ಓದುತ್ತಿತ್ತು. ಕಿರಣವನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತಿರುಗಿಸಲು ಟ್ಯೂಬಿನ ಸುತ್ತ ತಾಮ್ರದ ತಂತಿಯ ಕಾಯಿಲ್.

ಕಾಯಿಲ್ ಒಳಗೆ ಟ್ಯೂಬು ಕೂರಬೇಕಲ್ವಾ? ಹಾಗಾಗಿ ಕ್ಯಾಮೆರಾ ಕಟ್ಟುವ ಎಂಜಿನಿಯರ್ ಮೊದಲು ಕೇಳುತ್ತಿದ್ದದ್ದು ಟ್ಯೂಬಿನ ಹೊರಗಿನ ವ್ಯಾಸ. ಅದೇ ಅದರ ಹೆಸರಾಯಿತು. ಹೊರಗೆ ಒಂದು ಇಂಚು ಇದ್ದರೆ ಒಂದು ಇಂಚಿನ ಟ್ಯೂಬು. ಗಾಜಿನ ದಪ್ಪ ಕಳೆದು, ಚಿತ್ರ ಕೆಡುವ ಅಂಚನ್ನೂ ಬಿಟ್ಟರೆ ನಡುವೆ ಕೆಲಸಕ್ಕೆ ಬರುತ್ತಿದ್ದ ಜಾಗ 12.8 × 9.6 ಮಿ.ಮೀ. ಮೂಲೆಯಿಂದ ಮೂಲೆಗೆ 16. ಇಂದಿನ ಚಿಪ್‌ನದೂ ಹೆಚ್ಚು ಕಡಿಮೆ ಅಷ್ಟೇ.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚಿನ ಜಿಐ ಪೈಪ್ ಕೇಳಿ, ಹೊರಗಿನಿಂದ ಅಳೆದು ನೋಡಿ. 33 ಮಿ.ಮೀ. ದಾಟಿರುತ್ತದೆ. ಅಲ್ಲಿ ಹೆಸರು ಒಳಗಿನ ತೂತಿನದು. ಪ್ಲಂಬರ್ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ನಲ್ಲಿ, ಎಲ್ಬೋ ಸರಿಯಾಗಿ ಕೂತರೆ ಅವನ ಕೆಲಸ ಆಯಿತು. ಟಿವಿಯವರದೂ ಅದೇ ಲೆಕ್ಕ, ಆದರೆ ಉಲ್ಟಾ. ಹೆಸರು ಹೊರಗಿನದು, ಚಿತ್ರ ಒಳಗಿನದು. 1980ರ ದಶಕದಲ್ಲಿ ಟ್ಯೂಬಿನ ಜಾಗಕ್ಕೆ ಸಿಸಿಡಿ ಎಂಬ ಸೆನ್ಸರ್ ಚಿಪ್‌ಗಳು ಬಂದಾಗಲೂ ಹಳೆಯ ಹೆಸರೇ ಉಳಿಯಿತು. ಯಾವ ಚಿಪ್‌ಗೆ ಯಾವ ಲೆನ್ಸ್ ಹೊಂದುತ್ತದೆ ಎಂದು ಹೇಳಲು ಅದು ಅನುಕೂಲವಾಗಿತ್ತು. ಅವರವರ ನಡುವೆ ಅದರಿಂದ ತೊಂದರೆಯೂ ಆಗಲಿಲ್ಲ. ಡಿಜಿಟಲ್ ಕ್ಯಾಮೆರಾಗಳ ಡಬ್ಬಿಯ ಮೇಲೆ ಅದೇ ಹೆಸರು ಅಚ್ಚಾಗಿ ನಮ್ಮ ನಿಮ್ಮಂಥವರ ಕೈಗೆ ಬಂದಾಗ ಫಜೀತಿ ಶುರುವಾಯಿತು.

ಕಂಪನಿಗಳು ಪೂರ್ತಿ ಸುಳ್ಳು ಹೇಳುತ್ತವೆ ಅಂತಲೂ ಅಲ್ಲ. ಸೋನಿಯ ವಿವರಪಟ್ಟಿ ತೆರೆದು ನೋಡಿ, ‘1.0-ಟೈಪ್’ ಎಂದಿರುತ್ತದೆ. ಒಂದು ಇಂಚಿನ ಜಾತಿಯದು ಅಂತ ಅರ್ಥ. ಈ ‘ಟೈಪ್’ ಅನ್ನುವ ಪುಟ್ಟ ಪದ ಅಂಗಡಿ ತಲುಪುವಷ್ಟರಲ್ಲಿ ಉದುರಿಹೋಗಿರುತ್ತದೆ. ಕೆಲವು ಕ್ಯಾಮೆರಾಗಳ ಸೆನ್ಸರ್‌ಗಿರುವ ಫೋರ್ ಥರ್ಡ್ಸ್ (4/3) ಎಂಬ ಹೆಸರೂ ಇದೇ ಲೆಕ್ಕದ್ದು. 4/3 ಇಂಚು ಅಂದರೆ ಸುಮಾರು 34 ಮಿ.ಮೀ. ಆಗಬೇಕು. ಆ ಸೆನ್ಸರ್‌ನ ಅಗಲ 17.3, ಎತ್ತರ 13.

ಇನ್ನು ಭಿನ್ನರಾಶಿಯ ಗೋಳು. ಅಗ್ಗದ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ 1/2.3 ಇಂಚು ಎಂದು ಬರೆದಿರುತ್ತದೆ. 2.3 ಕಂಡ ತಕ್ಷಣ ಅದು 1/1.7ಕ್ಕಿಂತ ದೊಡ್ಡದು ಅಂದುಕೊಳ್ಳುವವರು ಇದ್ದಾರೆ. ಅದು ಕೆಳಗಿನ ಅಂಕಿ ಸ್ವಾಮಿ, ದೊಡ್ಡದಾದಷ್ಟೂ ಸೆನ್ಸರ್ ಸಣ್ಣದು. ಹೋಗಲಿ, 1 ಇಂಚಿಗೂ 1/2.3 ಇಂಚಿಗೂ ಎರಡೂಕಾಲು ಪಟ್ಟು ವ್ಯತ್ಯಾಸ ಅಂದುಕೊಂಡರೆ ಅದೂ ತಪ್ಪು. ಬೆಳಕು ಬೀಳುವುದು ಜಾಗದ ಮೇಲೆ. 1/2.3ರ ಸೆನ್ಸರ್ 6.17 × 4.55 ಮಿ.ಮೀ., ಅಂದರೆ ಸುಮಾರು 28 ಚದರ ಮಿ.ಮೀ. ಒಂದು ಇಂಚಿನದು 116. ನಾಲ್ಕು ಪಟ್ಟಿಗೂ ಸ್ವಲ್ಪ ಜಾಸ್ತಿ.

ಹಾಗಾಗಿ ಹೆಸರು ತಪ್ಪಾದರೂ ವಸ್ತು ಕೆಟ್ಟದ್ದಲ್ಲ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂದಾಗ ಅಷ್ಟು ಸುದ್ದಿಯಾಗಿದ್ದೇ ಇದಕ್ಕೆ. 240 ಗ್ರಾಮಿನ, ಜೀನ್ಸ್ ಜೇಬಿಗೆ ಇಳಿಯುವ ಕ್ಯಾಮೆರಾದಲ್ಲಿ ಅಷ್ಟು ದೊಡ್ಡ ಸೆನ್ಸರ್ ಅದಕ್ಕೆ ಮೊದಲು ಅಪರೂಪ. ಹಾಗಂತ ಇಂಚು ಒಂದನ್ನೇ ನೋಡಿ ದುಡ್ಡು ಕೊಡಬೇಡಿ. ಸೆನ್ಸರ್ ಮುಂದೆ ಒಂದು ಲೆನ್ಸ್ ಇದೆ. ಅದು ಬೆಳಕು ಬಿಡದಿದ್ದರೆ ಸೆನ್ಸರ್ ಏನು ಮಾಡೀತು?

ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2 ಮತ್ತು ಪ್ಯಾನಸೋನಿಕ್ ಟಿಝಡ್100, ಎರಡೂ 2016ರವು, ಎರಡರಲ್ಲೂ ಅದೇ ಒಂದು ಇಂಚು. ಕ್ಯಾನನ್‌ನ ಝೂಮ್ 100 ಮಿ.ಮೀ. ಸಮಾನಕ್ಕೆ (35 ಮಿ.ಮೀ. ಫಿಲಂ ಕ್ಯಾಮೆರಾದ ಲೆಕ್ಕ ಇದು, ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ) ನಿಲ್ಲುತ್ತದೆ, ತುದಿಯಲ್ಲಿ ಎಫ್/2.8 (ಎಫ್ ಅಂದರೆ ಲೆನ್ಸ್ ಬೆಳಕಿಗೆ ಎಷ್ಟು ತೆರೆಯುತ್ತದೆ ಅನ್ನುವ ಲೆಕ್ಕ, ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ಪ್ಯಾನಸೋನಿಕ್‌ನದು 250ರವರೆಗೆ ಹೋಗುತ್ತದೆ, ತುದಿಯಲ್ಲಿ ಎಫ್/5.9. ಎರಡರ ತುದಿಯಲ್ಲೂ ಸೆನ್ಸರ್ ಮೇಲೆ ಬೀಳುವ ಬೆಳಕಿನಲ್ಲಿ ನಾಲ್ಕು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಸಣ್ಣ ಸೆನ್ಸರ್ ಬಿಟ್ಟು ಇಂಚಿಗೆ ಬಂದು ಗಳಿಸಿದ್ದನ್ನು ಝೂಮ್ ಅಲ್ಲಿಗೇ ತಿಂದುಹಾಕಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕೆರೆಯಾಚೆಯ ಕೊಕ್ಕರೆ ತೆಗೆಯುವವರಿಗೆ ಪ್ಯಾನಸೋನಿಕ್ಕೇ ಸರಿ. ಮನೆಯೊಳಗೆ ಮಗುವಿನ ಫೋಟೊ ತೆಗೆಯುವವರಿಗೆ ಅಲ್ಲ.

ರಾತ್ರಿ ಯಕ್ಷಗಾನದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕುಣಿತ ನಿಲ್ಲಿಸಿ ಹಿಡಿಯಲು ಷಟರ್ ಕಡೇಪಕ್ಷ 1/250 ಸೆಕೆಂಡ್ ಬೇಕು. ಮೊದಲ ಆರ್‌ಎಕ್ಸ್100 ಹಿಡಿದು ಮುಂದಿನ ಸಾಲಿನಲ್ಲಿ ಕೂತು, ಝೂಮ್ ಮುಟ್ಟದೆ ಎಫ್/1.8ರಲ್ಲಿ ತೆಗೆದರೆ ಮಂದ ಬೆಳಕಿನ ಚಿತ್ರವನ್ನು ಬೆಳಗಿಸುವ ಐಎಸ್‌ಒ 800ಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಿ. ಹಿಂದಿನ ಸಾಲಿನಿಂದ ಝೂಮ್ ಎಳೆದಿರೋ, ಲೆನ್ಸ್ ಎಫ್/4.9ಕ್ಕೆ ಇಳಿಯುತ್ತದೆ. ಅದೇ ಬೆಳಕಿಗೆ ಐಎಸ್‌ಒ 6400ರ ಹತ್ತಿರ ಬೇಕಾಗುತ್ತದೆ, ಬಣ್ಣದ ವೇಷದ ಮುಖವರ್ಣಿಕೆಯೆಲ್ಲ ಕಾಳು ಕಾಳಾಗುತ್ತದೆ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಷಟರನ್ನೇ ನಿಧಾನ ಮಾಡಬಹುದು. ಆಗ ಕಿರೀಟ ಒಂದು ಕಡೆ, ಮುಖ ಇನ್ನೊಂದು ಕಡೆ. ಷಟರ್ ನೀವೇ ಹಿಡಿದಿಡಿ, ಐಎಸ್‌ಒ ಅದರ ಪಾಡಿಗೆ ಏರಲಿ. ಎಲ್ಲಕ್ಕಿಂತ ಮುಖ್ಯ, ಎದ್ದು ಮುಂದೆ ಹೋಗಿ.

ಝೂಮ್ ಬೇಡವೇ ಬೇಡ ಅನ್ನುವವರಿಗೆ ರಿಕೋ ಜಿಆರ್ 3 ಇದೆ. 257 ಗ್ರಾಮ್, ಗಾತ್ರ ಹೆಚ್ಚು ಕಡಿಮೆ ಆರ್‌ಎಕ್ಸ್100ರಷ್ಟೇ. ಒಳಗಿರುವುದು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್, ಜಾಗದ ಲೆಕ್ಕದಲ್ಲಿ ಇಂಚಿನದಕ್ಕಿಂತ ಮೂರು ಪಟ್ಟು ದೊಡ್ಡದು. 28 ಮಿ.ಮೀ. ಸಮಾನದ ಒಂದೇ ನೋಟ, ಫ್ಲ್ಯಾಶ್ ಕೂಡ ಇಲ್ಲ. ಲೆನ್ಸ್ ಎಫ್/2.8, ಅದು ಎಲ್ಲೂ ಇಳಿಯುವುದಿಲ್ಲ. ಜೇಬು ದೊಡ್ಡದಾಗುವುದಿಲ್ಲವಲ್ಲ, ಒಂದನ್ನು ಬಿಟ್ಟೇ ಇನ್ನೊಂದನ್ನು ತುಂಬಬೇಕು. ದಿನಾ ಬೀದಿಯಲ್ಲಿ, ಸಂತೆಯಲ್ಲಿ ಫೋಟೊ ತೆಗೆಯುವವರಿಗೆ ನಾನು ಇದನ್ನೇ ಹೇಳುವುದು. ಮದುವೆ ಮನೆಗೆ ಒಯ್ಯುವವರಿಗೆ ಝೂಮ್ ಇರುವುದೇ ಇರಲಿ.

ಈಗ ಫೋನಿನವರೂ ಇಂಚಿಗೆ ಕೈ ಹಾಕಿದ್ದಾರೆ. ಶಿಯೋಮಿ 13 ಪ್ರೊ, ವಿವೊ ಎಕ್ಸ್100 ಪ್ರೊಗಳಲ್ಲಿ ಇರುವುದು ನಿಜಕ್ಕೂ ಒಂದು ಇಂಚಿನ ಜಾತಿಯ ಸೆನ್ಸರ್. ಅದು ಮುಖ್ಯ ಕ್ಯಾಮೆರಾಕ್ಕೆ ಮಾತ್ರ. ಟೆಲಿ ಬಟನ್ ಒತ್ತಿದ ತಕ್ಷಣ ಫೋನ್ ಬೇರೆ ಲೆನ್ಸ್‌ಗೆ, ಬೇರೆ ಸಣ್ಣ ಸೆನ್ಸರ್‌ಗೆ ಹಾರುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಝೂಮ್ ಎಲ್ಲೇ ಇದ್ದರೂ ಅದೇ 116 ಚದರ ಮಿ.ಮೀ. ಇರುತ್ತದೆ. ಜಾಹೀರಾತಿನಲ್ಲಿ ಈ ಮಾತು ಹುಡುಕಬೇಡಿ.

ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ: ಸೆನ್ಸರ್ ಎಷ್ಟು ಮಿಲಿಮೀಟರ್ × ಎಷ್ಟು ಮಿಲಿಮೀಟರ್, ಝೂಮ್ ತುದಿಯಲ್ಲಿ ಎಫ್ ಎಷ್ಟು. ಉತ್ತರ ಬರದಿದ್ದರೆ ಫೋನ್ ತೆಗೆದು ಕಂಪನಿಯ ವಿವರಪಟ್ಟಿ ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಇನ್ನೊಂದು ಕೆಲಸ ಮಾಡಿ. ಎಫ್/11ಕ್ಕೆ ಇಟ್ಟು, ಝೂಮ್ ಪೂರ್ತಿ ಎಳೆದು ಬಿಳಿ ಗೋಡೆಯ ಒಂದು ಫೋಟೊ ತೆಗೆಯಿರಿ. ಒಳಗೆ ಹೊರಗೆ ಓಡಾಡುವ ಲೆನ್ಸ್ ಧೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಲೆನ್ಸ್ ಕಳಚಲು ಬರುವುದಿಲ್ಲ, ಮನೆಯಲ್ಲಿ ಒರೆಸಲೂ ಆಗುವುದಿಲ್ಲ. ಗೋಡೆಯ ಮೇಲೆ ಇಲ್ಲದ ಮಸುಕು ಚುಕ್ಕಿ ಫೋಟೊದಲ್ಲಿ ಕಂಡರೆ ರಿಪೇರಿ ಖರ್ಚು ಹಿಡಿದು ಬೆಲೆ ಕೇಳಿ.