ಜೈಲು ಗುಮಾಸ್ತ ಬರೆದಿಟ್ಟ ವಂಶಾವಳಿ

ನಮ್ಮ ಕಡೆ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳಿ, ಕಾಳು ಕಡಿ ಇಸಿದುಕೊಂಡು ಹೋಗುತ್ತಿದ್ದರು. ಆಸ್ಟ್ರೇಲಿಯಾದ ಬಿಳಿಯರ ಪೈಕಿ ಬಹಳ ಮನೆತನಗಳಿಗೆ ಈ ಕೆಲಸ ಮಾಡಿಟ್ಟವನು ಜೈಲಿನ ಗುಮಾಸ್ತ. ಅವನಿಗೆ ಯಾರ ವಂಶವೂ ಬೇಕಿರಲಿಲ್ಲ. ಓಡಿಹೋದವನನ್ನು ಹಿಡಿಯಲು ಗುರುತು ಬೇಕಿತ್ತು, ಅಷ್ಟೇ.

ಹಿಂದಿನ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕ ಸ್ವತಂತ್ರವಾದ ಮೇಲೆ ಬ್ರಿಟನ್ನಿಗೆ ಕೈದಿಗಳನ್ನು ಸಾಗಹಾಕಲು ಜಾಗ ಇಲ್ಲದಂತಾಯಿತು. 1787ರ ಮೇ ತಿಂಗಳಲ್ಲಿ 11 ಹಡಗುಗಳು ಪೋರ್ಟ್ಸ್‌ಮತ್ ಬಿಟ್ಟವು. 1788ರ ಜನವರಿ 26ಕ್ಕೆ ಸಿಡ್ನಿ ಕೋವ್‌ನಲ್ಲಿ ಬಾವುಟ ಏರಿತು. ಅಲ್ಲಿಂದ 1868ರವರೆಗೆ, 80 ವರ್ಷದಲ್ಲಿ, ಸುಮಾರು 1,62,000 ಜನ ಕೈದಿಗಳಾಗಿ ಬಂದರು. ಅದರಲ್ಲಿ ಹೆಂಗಸರು ಸುಮಾರು 25,000. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರು 1840ಕ್ಕೆ ಹೆಚ್ಚುಕಮ್ಮಿ ನಿಂತಿತು, ವಾನ್ ಡೀಮನ್ಸ್ ಲ್ಯಾಂಡ್ ದ್ವೀಪಕ್ಕೆ (ಈಗಿನ ಟಾಸ್ಮೇನಿಯಾ) 1853ಕ್ಕೆ. ಪಶ್ಚಿಮ ಆಸ್ಟ್ರೇಲಿಯಾ 1850ರಲ್ಲಿ ಶುರು ಮಾಡಿ 1868ರಲ್ಲಿ ಮುಗಿಸಿತು. ಒಂದೊಂದು ವಸಾಹತಿಗೂ ಬೇರೆ ಪುಸ್ತಕ, ಬೇರೆ ಪದ್ಧತಿ. ಇವತ್ತು ಮುತ್ತಜ್ಜನನ್ನು ಹುಡುಕುವವರ ತಲೆನೋವು ಶುರುವಾಗುವುದೇ ಇಲ್ಲಿ.

ಮೊದಲ ಹಡಗುಗಳಲ್ಲಿ ಜನ ಬಂದರು, ಕೆಲವರ ಶಿಕ್ಷೆಯ ಕಾಗದ ಬರಲಿಲ್ಲ. 'ನನ್ನ ಏಳು ವರ್ಷ ಮುಗಿಯಿತು, ಬಿಡಿ' ಎಂದು ಕೈದಿ ಹೇಳಿದರೆ, ಹೌದೋ ಅಲ್ಲವೋ ನೋಡಲು ಅಲ್ಲಿನ ಮೊದಲ ಗವರ್ನರ್ ಫಿಲಿಪ್ ಕೈಯಲ್ಲಿ ಪಟ್ಟಿ ಇರಲಿಲ್ಲ. ಪಟ್ಟಿ ಇಲ್ಲದಿದ್ದರೆ ನಷ್ಟ ಯಾರಿಗೆ? ಕೈದಿಗೇ.

ಮುಂದೆ ಕಾಗದ ಗಟ್ಟಿಯಾಯಿತು. ಹಡಗಿನ ಕ್ಯಾಪ್ಟನ್ ಸರಕಿನ ಜೊತೆ ರಸೀದಿ ಕೊಡುವ ಹಾಗೆ ಕೈದಿಗಳ ಪಟ್ಟಿಯನ್ನು ಗವರ್ನರ್‌ಗೆ ಒಪ್ಪಿಸುತ್ತಿದ್ದ. ಇದಕ್ಕೆ 'ಇಂಡೆಂಟ್' ಎಂದು ಹೆಸರು. ಮೊದಮೊದಲು ಅದರಲ್ಲಿ ಹೆಸರು, ವಿಚಾರಣೆ ನಡೆದ ಊರು, ತಾರೀಕು, ಶಿಕ್ಷೆ ಇಷ್ಟೇ ಇರುತ್ತಿತ್ತು. 1820ರ ದಶಕದ ಕೊನೆ ಹೊತ್ತಿಗೆ ವಯಸ್ಸು, ಧರ್ಮ, ಹುಟ್ಟೂರು, ಕಸುಬು, ಓದು ಬರಹ ಬರುತ್ತದೋ ಇಲ್ಲವೋ, ಮಾಡಿದ ಅಪರಾಧ, ಎತ್ತರ, ಕೂದಲು, ಕಣ್ಣು, ಮೈಮೇಲಿನ ಗಾಯದ ಕಲೆ, ಹಚ್ಚೆ ಎಲ್ಲಾ ಸೇರಿತು. ವಿಚಾರಣೆ ಅಂದರೆ ಇಂಗ್ಲೆಂಡ್, ಐರ್ಲೆಂಡ್ ಮಾತ್ರ ಅಲ್ಲ. ನಮ್ಮ ದೇಶದ ದಂಡುಗಳಲ್ಲಿ ಕೋರ್ಟ್ ಮಾರ್ಷಲ್ ಆದ ಬಿಳಿ ಸಿಪಾಯಿಗಳನ್ನೂ ಹೀಗೆ ಅಲ್ಲಿಗೆ ಸಾಗಿಸಿದ್ದುಂಟು.

ಹಚ್ಚೆಯ ವಿಷಯ ಸ್ವಲ್ಪ ನಿಂತು ನೋಡಬೇಕು. ಲಂಗರು, ಹೃದಯ, ಒಂದು ತಾರೀಕು, ಎರಡು ಮೂರು ಜೋಡಿ ಇನಿಷಿಯಲ್. ಗುಮಾಸ್ತನಿಗೆ ಅದು ಗುರುತು. ಹಾಕಿಸಿಕೊಂಡವನಿಗೆ ಬಿಟ್ಟು ಬಂದ ಅವ್ವ, ಹೆಂಡತಿ, ಮಗು. ಇಂಗ್ಲೆಂಡಿನ ಚರ್ಚ್ ಪುಸ್ತಕದಲ್ಲಿ ಒಂದೇ ಹೆಸರಿನ ಹತ್ತು ಜನ ಸಿಕ್ಕಾಗ, ತೋಳಿನ ಮೇಲಿದ್ದ ಆ ಎರಡು ಅಕ್ಷರವೇ 'ಇವನೇ ನಮ್ಮವನು' ಎಂದು ತೋರಿಸಿಕೊಡಬಹುದು.

ಹೆಸರಿನ ಗೊಂದಲ ಸಣ್ಣದಲ್ಲ. ಜಾನ್ ಸ್ಮಿತ್, ವಿಲಿಯಂ ಸ್ಮಿತ್, ಮೇರಿ ಬ್ರೌನ್‌ಗಳಿಗೆ ಲೆಕ್ಕವೇ ಇಲ್ಲ. ಅದಕ್ಕೇ ವಸಾಹತಿನ ಯಾವ ಕಾಗದ ತೆಗೆದರೂ ಕೈದಿಯ ಹೆಸರಿನ ಜೊತೆ ಹಡಗಿನ ಹೆಸರು ಇರುತ್ತದೆ. ನಾವು ಹೆಸರಿನ ಹಿಂದೆ ಊರು ಸೇರಿಸಿಕೊಳ್ಳುವುದಿಲ್ಲವೇ, ಹಾಗೆ. ಅದೇ ಹಡಗು ನಾಲ್ಕೈದು ಸಲ ಬಂದಿದ್ದರೆ ಎಷ್ಟನೇ ಸಲದ್ದು ಎಂಬ ನಂಬರೂ ಬೇಕು. ಬಂದ ವರ್ಷ, ಹಡಗು ಗೊತ್ತಾಯಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲಕ್ಕಿಂತ ದಪ್ಪ ಪುಸ್ತಕಗಳು ವಾನ್ ಡೀಮನ್ಸ್ ಲ್ಯಾಂಡಿನವು. 1824ರಿಂದ 1836ರವರೆಗೆ ಅಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾರ್ಜ್ ಆರ್ಥರ್ ಕಾಲದಲ್ಲಿ ಒಬ್ಬೊಬ್ಬ ಕೈದಿಗೂ ನಡತೆಯ ಖಾತೆ ತೆರೆದರು. ಬ್ಯಾಂಕಿನ ಲೆಡ್ಜರ್ ಇದ್ದ ಹಾಗೆ, ಆದರೆ ಜಮಾ ಕಡಿಮೆ, ಖರ್ಚೇ ಜಾಸ್ತಿ. ಮೇಲೆ ಹಳೇ ಜೈಲಿನವರು ಏನು ಹೇಳಿದರು ಎಂಬುದು. ಆಮೇಲೆ ಅಲ್ಲಿನ ಹೋಬಾರ್ಟ್ ಬಂದರಿನಲ್ಲಿ ಇಳಿದಾಗ ಕೈದಿ ತಾನೇ ಒಪ್ಪಿಕೊಂಡ ಮಾತು: ಏನು ಕದ್ದೆ, ಯಾರದ್ದು ಕದ್ದೆ, ಹಿಂದೆ ಎಷ್ಟು ಸಲ ಸಿಕ್ಕಿಬಿದ್ದಿದ್ದೆ. ಅದರ ಕೆಳಗೆ ವರ್ಷಗಟ್ಟಲೆ ಸಣ್ಣ ಅಕ್ಷರದ ಸಾಲುಗಳು. ಕುಡಿದಿದ್ದ. ಎದುರು ಮಾತಾಡಿದಳು. ರಾತ್ರಿ ಹೊರಗಿದ್ದ. ಇಂತಿಷ್ಟು ಚಾಟಿಯೇಟು, ಇಂತಿಷ್ಟು ದಿನ ಒಂಟಿ ಕೋಣೆ. 'ಹೊಟ್ಟೆಗಿಲ್ಲದೆ ಒಂದು ಬ್ರೆಡ್ಡು ಕದ್ದಿದ್ದಕ್ಕೆ ನಮ್ಮಜ್ಜನಿಗೆ ಏಳು ವರ್ಷ' ಎಂದು ಕೇಳಿ ಬೆಳೆದವರು ಈ ಪುಟ ತೆಗೆದಾಗ, ಹಿಂದಿನ ಕಳ್ಳತನಗಳ ಪಟ್ಟಿ ನೋಡಿ ಸುಮ್ಮನಾಗುವುದುಂಟು. ಬಡತನ ಸುಳ್ಳಲ್ಲ. ಬ್ರೆಡ್ಡಿನ ಕತೆ ಮಾತ್ರ ಎಷ್ಟೋ ಕಡೆ ಆಮೇಲೆ ಸೇರಿಸಿದ್ದು.

ಕೈದಿಗೆ ಮದುವೆಗೂ ಸರ್ಕಾರದ ಅಪ್ಪಣೆ ಬೇಕಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ಅರ್ಜಿಗಳ ರಿಜಿಸ್ಟರ್ ಉಳಿದಿದೆ. ಇಬ್ಬರ ಹೆಸರು, ವಯಸ್ಸು, ಹಡಗು, ಶಿಕ್ಷೆ, ಕೊನೆಗೆ 'ಆಗಬಹುದು' ಅಥವಾ 'ಇಲ್ಲ'. ಇಳಿಯುವಾಗ 'ಮದುವೆ ಆಗಿದೆ, ಒಂದು ಮಗು ಇದೆ' ಎಂದು ಬರೆಸಿದ್ದವಳು ಇಲ್ಲಿ ಕುಮಾರಿ ಎಂದು ಅರ್ಜಿ ಹಾಕಿದರೆ ಗುಮಾಸ್ತ ಹಳೇ ಪಟ್ಟಿ ತೆಗೆದು ನೋಡುತ್ತಿದ್ದ. ಅರ್ಜಿ ಬಿದ್ದುಹೋಗುತ್ತಿತ್ತು. ಸಾವಿರಾರು ಮೈಲಿ ಸಮುದ್ರ ದಾಟಿ ಬಂದವಳಿಗೆ ಹಿಂದಿನ ಗಂಡ ಇದ್ದರೆಷ್ಟು, ಬಿಟ್ಟರೆಷ್ಟು? ಪುಸ್ತಕ ಮಾತ್ರ ಮರೆಯಲಿಲ್ಲ. 1806ರ ಇನ್ನೊಂದು ಪಟ್ಟಿಯಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡೆನ್, ಚರ್ಚ್ ಆಫ್ ಇಂಗ್ಲೆಂಡಿನ ಪ್ರಕಾರ ಮದುವೆ ಆಗದ ಹೆಂಗಸರನ್ನೆಲ್ಲ 'ಇಟ್ಟುಕೊಂಡವರು' ಎಂಬ ಸಾಲಿಗೆ ಹಾಕಿದರು. ಕ್ಯಾಥೊಲಿಕ್ ಹೆಂಗಸರ ಮದುವೆಯೂ ಅವರ ಲೆಕ್ಕಕ್ಕೆ ಬರಲಿಲ್ಲ. ಪಟ್ಟಿಯನ್ನು ನಂಬುವ ಮೊದಲು ಬರೆದ ಕೈ ಯಾರದ್ದು ಎಂದು ನೋಡಬೇಕು.

ಸ್ವಂತ ಇಷ್ಟದಿಂದ ಬಂದು ನೆಲೆಸಿದವರ ಕತೆ ಉಲ್ಟಾ. ಸರ್ಕಾರದ ಖರ್ಚಿನಲ್ಲಿ ಬಂದವರ ಪಟ್ಟಿ ಪರವಾಗಿಲ್ಲ. ಕೈಯಿಂದ ದುಡ್ಡು ಕೊಟ್ಟು ಬಂದವರದ್ದು ತೀರಾ ತೆಳು. ಕ್ಯಾಬಿನ್‌ನಲ್ಲಿ ಬಂದವರು ಬರೀ 'ಮಿಸ್ಟರ್ ಬ್ರೌನ್', ಕೆಳಗಿನ ದರ್ಜೆಯವರು ಕೆಲವು ಸಲ ಬರೀ ತಲೆ ಎಣಿಕೆ. ಮರ್ಯಾದಸ್ಥನ ಕಣ್ಣಿನ ಬಣ್ಣ ಯಾರಿಗೆ ಬೇಕು! ಹೀಗಾಗಿ ಕಳ್ಳನ ಮೊಮ್ಮಕ್ಕಳಿಗೆ ಮುತ್ತಜ್ಜನ ಎತ್ತರ ಇಂಚಿನ ಲೆಕ್ಕದಲ್ಲಿ ಗೊತ್ತು, ಸಾಹುಕಾರನ ಮೊಮ್ಮಕ್ಕಳಿಗೆ ಬಂದ ಹಡಗೂ ಗೊತ್ತಿಲ್ಲ.

ಶಿಕ್ಷೆ ಮುಗಿದ ಮೇಲೆ ಜಾಡು ತಪ್ಪುತ್ತದೆ. 1851ರಲ್ಲಿ ಪಕ್ಕದ ವಿಕ್ಟೋರಿಯಾ ವಸಾಹತಿನಲ್ಲಿ ಚಿನ್ನ ಸಿಕ್ಕಿತು. ವಾನ್ ಡೀಮನ್ಸ್ ಲ್ಯಾಂಡಿನ ಹಳೇ ಕೈದಿಗಳು ದೋಣಿ ಹತ್ತಿದರು. ಅವರನ್ನು ತಡೆಯಲು ವಿಕ್ಟೋರಿಯಾ 1852ರಲ್ಲಿ ಕಾನೂನೇ ತಂದಿತು. ಹಾಗಿರುವಾಗ ಯಾರು ತಾನೇ ಹಳೇ ಹೆಸರು ಇಟ್ಟುಕೊಳ್ಳುತ್ತಾರೆ? 1856ರಲ್ಲಿ ಆ ದ್ವೀಪವೂ ಹೆಸರು ಬದಲಿಸಿಕೊಂಡು ಟಾಸ್ಮೇನಿಯಾ ಆಯಿತು. ಮನೆಗಳ ಒಳಗೂ ಅದೇ ನಡೆಯಿತು. ಅಜ್ಜಿ ಹೇಳಲಿಲ್ಲ, ಮಕ್ಕಳು ಕೇಳಲಿಲ್ಲ. ಮರಣ ಪತ್ರದಲ್ಲಿ 'ವಸಾಹತಿನಲ್ಲಿ ಎಷ್ಟು ವರ್ಷ' ಎಂಬ ಕಾಲಂ ಇತ್ತು. ಅದಕ್ಕೆ ಮಗ ಹೇಳಿದ್ದೇ ಉತ್ತರ. ಎರಡು ವರ್ಷ ಹಿಂದೆ ಮುಂದೆ ಮಾಡಿದರೆ ಹಡಗೇ ಬದಲಾಗುತ್ತದೆ. 1882ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಎಂಬ ದೊಡ್ಡ ಕಟ್ಟಡ ಸುಟ್ಟುಹೋಗಿ, 1881ರ ಜನಗಣತಿಯ ಕಾಗದಗಳೂ ಬೂದಿಯಾದವು. ಬೇಕಂತಲೇ ಹಚ್ಚಿದರು ಎಂಬ ಗುಸುಗುಸು ಇದೆ, ಸಾಬೀತಾಗಿಲ್ಲ. ನನ್ನನ್ನು ಕೇಳಿದರೆ, ಬೆಂಕಿಗಿಂತ ಜಾಸ್ತಿ ಅಳಿಸಿದ್ದು ಊಟದ ಹೊತ್ತಿನ ಮೌನ.

ಆಮೇಲಿನ ನೂರು ವರ್ಷ ಒಂದೇ ಉಸಿರಲ್ಲಿ: ನಾಚಿಕೆ ಕರಗಿತು, ಲಂಡನ್ನಿನ ದಾಖಲೆಗಳನ್ನು 1948ರಿಂದ ಮೈಕ್ರೋಫಿಲ್ಮ್‌ಗೆ ಇಳಿಸಿದರು, 1988ರ ಇನ್ನೂರನೇ ವರ್ಷದ ಹೊತ್ತಿಗೆ ಕೈದಿ ಮುತ್ತಜ್ಜ ಇರುವುದೇ ಗತ್ತಾಯಿತು, 2007ರಲ್ಲಿ ಯುನೆಸ್ಕೊ ಈ ದಾಖಲೆಗಳನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. 13ನೇ ವಯಸ್ಸಿಗೆ ಹುಡುಗನ ವೇಷದಲ್ಲಿ, ಜೇಮ್ಸ್ ಬರೋ ಎಂಬ ಹೆಸರಿನಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದ ಮೇರಿ ರೀಬಿ ಈಗ 20 ಡಾಲರ್ ನೋಟಿನ ಮೇಲಿದ್ದಾರೆ. ದಾಖಲೆ ತಿದ್ದಿ ಗಡೀಪಾರಾದ ವಾಸ್ತುಶಿಲ್ಪಿ ಫ್ರಾನ್ಸಿಸ್ ಗ್ರೀನ್‌ವೇ ಹಳೇ 10 ಡಾಲರ್ ನೋಟಿನಲ್ಲಿದ್ದರು. ಖೋಟಾ ಕಾಗದ ಮಾಡಿದವರ ಮುಖ ಅಸಲಿ ನೋಟಿನ ಮೇಲೆ!

ಈಗ ಕೂತಲ್ಲೇ ಟಾಸ್ಮೇನಿಯಾದ ಖಾತೆ ಪುಟ ತೆರೆಯಬಹುದು, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಜಾಲತಾಣದಲ್ಲಿ ಹಳೇ ಪತ್ರಿಕೆ ಹುಡುಕಬಹುದು. ಅನುಕೂಲದ ಜೊತೆ ಎಡವಟ್ಟೂ ಬಂದಿದೆ. ಒಬ್ಬರು ತಪ್ಪು ಜಾನ್ ಸ್ಮಿತ್‌ನನ್ನು ವಂಶವೃಕ್ಷಕ್ಕೆ ಅಂಟಿಸಿದರೆ ಉಳಿದವರು ಅದನ್ನೇ ನಕಲು ಮಾಡುತ್ತಾರೆ. ಇಂಡೆಂಟ್‌ನ ಮೂಲ ಪುಟ ನೋಡುವ ತಾಳ್ಮೆ ಎಲ್ಲರಿಗೂ ಇಲ್ಲ.

ಇಷ್ಟೆಲ್ಲ ಪುಸ್ತಕಗಳ ನಡುವೆ ಆ ನೆಲದ ಮೂಲ ಜನ ಎಲ್ಲಿ? ನ್ಯೂ ಸೌತ್ ವೇಲ್ಸ್‌ನ ಮೊದಲ ಜನಗಣತಿ ನಡೆದದ್ದು 1828ರಲ್ಲಿ. ಕೈದಿಗಳೂ, ಬಿಡುಗಡೆ ಆದವರೂ, ನೆಲೆಸಲು ಬಂದವರೂ ಅದರಲ್ಲಿ ಇದ್ದಾರೆ. ಮೂಲ ಜನ ಮಾತ್ರ ಇಲ್ಲ. ಅವರ ಹೆಸರು ಸಿಗುವುದು ಬೇರೆ ಕಡೆ. ಸರ್ಕಾರ ವರ್ಷಕ್ಕೊಮ್ಮೆ ಕಂಬಳಿ ಹಂಚುತ್ತಿತ್ತು. 1830ರ ದಶಕದ ಆ ಹಂಚಿಕೆ ಪಟ್ಟಿಗಳಲ್ಲಿ ಇಂಗ್ಲಿಷ್ ಹೆಸರು, ಅವರದ್ದೇ ಭಾಷೆಯ ಹೆಸರು, ಅಂದಾಜು ವಯಸ್ಸು, ಹೆಂಡತಿ ಮಕ್ಕಳ ಲೆಕ್ಕ, ಓಡಾಡುವ ಜಾಗ ಇವೆ. ತಮ್ಮ ಹಿರಿಯರನ್ನು ಹುಡುಕುವ ಮೂಲನಿವಾಸಿ ಕುಟುಂಬಗಳು ಈಗ ಆ ಕಂಬಳಿ ಪಟ್ಟಿಗಳನ್ನು ತಿರುವಿ ಹಾಕುತ್ತಿವೆ.