ಹಿಂದಿನ ಬ್ರೇಕ್ ಕ್ಯಾಲಿಪರ್ ಬದಲಿಸುವಾಗ ಜಾಮ್ ಆದ ಹ್ಯಾಂಡ್‌ಬ್ರೇಕ್ ಕೇಬಲ್ ಬಿಡಿಸುವುದು

ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದು, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆಯುವ ಲಿವರ್ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬೆನ್ನಿಗೇ ಕೂತಿರುವ ಕಾರುಗಳಿಗೆ ಈ ಟಿಪ್ಪಣಿ ಅನ್ವಯಿಸುತ್ತದೆ. ಡಿಸ್ಕ್ ಒಳಗೆ ಸಣ್ಣ ಡ್ರಮ್ ಮತ್ತು ಶೂ ಇರುವ ಕಾರುಗಳು, ಬಟನ್ ಒತ್ತಿದರೆ ಮೋಟಾರ್‌ನಿಂದ ಹಿಡಿಯುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್‌ಗಳು ಬೇರೆ ಲೆಕ್ಕ. ಅವಕ್ಕೆ ಇಲ್ಲಿನ ಕ್ರಮ ಹೊಂದುವುದಿಲ್ಲ.

ಕ್ಯಾಲಿಪರ್ ಬದಲಾವಣೆಯಲ್ಲಿ ಬೋಲ್ಟ್ ಬಿಚ್ಚುವುದು, ಬ್ರೇಕ್ ದ್ರವದಿಂದ ಏರ್ ತೆಗೆಯುವುದು ಎಲ್ಲ ಲೆಕ್ಕದ ಕೆಲಸ. ಹೊತ್ತು ತಿನ್ನುವುದು ಕೇಬಲ್. ಅಲ್ಲಿ ಒಂದು ಮಾತು ಮೊದಲೇ ಸ್ಪಷ್ಟವಿರಲಿ: ಹಳೆಯ ಕ್ಯಾಲಿಪರ್ ಹೇಗೂ ಹೊರಗೆ ಹೋಗುವ ವಸ್ತು, ಉಳಿಯಬೇಕಾದದ್ದು ಕೇಬಲ್. ಆದ್ದರಿಂದ ಬಲಪ್ರಯೋಗವೆಲ್ಲ ಕ್ಯಾಲಿಪರ್ ಮೇಲೆ ಇರಬೇಕು. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಕೇಬಲ್‌ನ ಔಟರ್ (ಹೊರಕವಚ) ಹಿಡಿದು ಜಗ್ಗುತ್ತಾರೆ, ಅದು ತುದಿಯ ಲೋಹದ ತೋಳಿನಿಂದ (ಔಟರ್ ಕೂರುವ ಸಣ್ಣ ಕೊಳವೆ) ಕಿತ್ತು ಬರುತ್ತದೆ, ಒಂದು ಕೆಲಸ ಎರಡಾಗುತ್ತದೆ.

ಎಲ್ಲಿ ಹಿಡಿದಿದೆ ಎಂದು ಮೊದಲು ಗೊತ್ತುಮಾಡಿ

"ಕೇಬಲ್ ಜಾಮ್" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ದೋಷಗಳಿರಬಹುದು. ಔಟರ್‌ನ ತುದಿಗೆ ಒತ್ತಿ ಕೂರಿಸಿದ ಲೋಹದ ತೋಳು, ಕ್ಯಾಲಿಪರ್ ಮೇಲೆ ಕೇಬಲ್ ಹಿಡಿಯುವ ಬ್ರಾಕೆಟ್‌ನ ತೂತಿನಲ್ಲಿ ತುಕ್ಕಿಗೆ ಕಚ್ಚಿಕೊಂಡಿರಬಹುದು. ಔಟರ್ ಒಳಗೆ ಇನ್ನರ್ ವೈರ್ ತುಕ್ಕು ಹಿಡಿದು ಓಡದೆ ಇರಬಹುದು. ಅಥವಾ ಕೇಬಲ್ ಸರಿಯಾಗಿಯೇ ಇದ್ದು, ಕ್ಯಾಲಿಪರ್ ಲಿವರ್‌ನ ಶಾಫ್ಟ್ ಸೀಲ್ ಹರಿದು, ನೀರು ಒಳಹೊಕ್ಕು, ಲಿವರ್ ಗಟ್ಟಿಯಾಗಿರಬಹುದು. ಮೊದಲನೆಯದು ಕೇಬಲ್ ಬಿಡಿಸಲು ಹೋದಾಗಲೇ ಗೊತ್ತಾಗುವುದು. ಉಳಿದೆರಡಕ್ಕೂ ಹೊರಲಕ್ಷಣ ಒಂದೇ: ಹ್ಯಾಂಡ್‌ಬ್ರೇಕ್ ಇಳಿಸಿದರೂ ಪ್ಯಾಡ್ ಡಿಸ್ಕ್ ಬಿಡುವುದಿಲ್ಲ, ಆ ಚಕ್ರ ಬಿಸಿಯಾಗುತ್ತದೆ, ಆ ಬದಿಯ ಪ್ಯಾಡ್ ಬೇಗ ಸವೆಯುತ್ತದೆ.

ಪರೀಕ್ಷೆ ಸರಳ. ಕೇಬಲ್ ತುದಿಯ ಗುಂಡನ್ನು ಲಿವರ್‌ನಿಂದ ಬಿಡಿಸಿ, ಲಿವರನ್ನು ಇಕ್ಕಳದಲ್ಲಿ ತಿರುಗಿಸಿ ಬಿಡಿ. ಸ್ಪ್ರಿಂಗ್ ಬಲಕ್ಕೆ ಅದು ಟಕ್ ಎಂದು ತನ್ನ ತಡೆಗೆ ಬಂದು ಕೂತರೆ ಲಿವರ್ ಚೆನ್ನಾಗಿದೆ. ನಿಧಾನವಾಗಿ ತೆವಳಿದರೆ ಅಥವಾ ಅರ್ಧದಲ್ಲೇ ನಿಂತರೆ ದೋಷ ಕ್ಯಾಲಿಪರ್‌ನದು. ಆಮೇಲೆ ವೈರ್ ತುದಿಯನ್ನು ಹಿಡಿದು ಒಂದೆರಡು ಸೆಂ.ಮೀ. ಹೊರಗೆಳೆದು ಮತ್ತೆ ಒಳಗೆ ದೂಡಿ. ಬಿಚ್ಚಿದ ವೈರ್ ತಾನಾಗಿ ಹಿಂದಕ್ಕೆ ಹೋಗದಿದ್ದರೆ ಗಾಬರಿ ಬೇಡ. ಅನೇಕ ಕಾರುಗಳಲ್ಲಿ ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇರುವುದೇ ಕ್ಯಾಲಿಪರ್ ಲಿವರ್‌ನಲ್ಲಿ. ಇಲ್ಲಿ ನೋಡಬೇಕಾದದ್ದು ಓಟ ನಯವಾಗಿದೆಯೇ, ಗರಗರ ಎನ್ನುತ್ತಿದೆಯೇ ಎಂಬುದನ್ನು ಮಾತ್ರ.

ಕೈ ಹಾಕುವ ಮೊದಲು

ಸಮತಟ್ಟಾದ ಗಟ್ಟಿ ನೆಲ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ, ಗೇರ್ ಒಂದರಲ್ಲಿ, ಹಿಂಭಾಗ ಸ್ಟ್ಯಾಂಡ್ ಮೇಲೆ. ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಲೇಬೇಕು, ಹಾಗಾಗಿ ಕಾರನ್ನು ತಡೆದು ನಿಲ್ಲಿಸುವುದು ಅಡ್ಡಗಟ್ಟೆಗಳೇ. ಜಾಕ್ ಒಂದನ್ನೇ ನಂಬಬೇಡಿ. ಜಗ್ಗಾಟದಲ್ಲಿ ಕಾರು ಅಲುಗುತ್ತದೆ. ಬ್ರೇಕ್ ಧೂಳನ್ನು ಗಾಳಿಯಿಂದ ಊದಬಾರದು, ಬ್ರೇಕ್ ಕ್ಲೀನರ್‌ನಲ್ಲಿ ತೋಯಿಸಿ ಒರೆಸಿ.

ಸೀಟುಗಳ ನಡುವಿನ ಕನ್ಸೋಲ್ ತೆಗೆದರೆ ಹ್ಯಾಂಡ್‌ಬ್ರೇಕ್ ಬುಡದಲ್ಲಿ ಅಡ್ಜಸ್ಟ್ ಮಾಡುವ ನಟ್ ಸಿಗುತ್ತದೆ (ಕೆಲವು ಕಾರುಗಳಲ್ಲಿ ಕೆಳಭಾಗದಲ್ಲಿರುತ್ತದೆ). ನಟ್‌ನಿಂದ ಆಚೆ ಎಷ್ಟು ಥ್ರೆಡ್ ಕಾಣುತ್ತದೆ ಎಂದು ಅಳೆದು ಬರೆದಿಟ್ಟು, ಕೇಬಲ್ ಜೋಲುವಷ್ಟು ಸಡಿಲಿಸಿ. ಈ ಹೆಜ್ಜೆ ಬಿಟ್ಟವರೇ ಗುಂಡು ಬಿಡಿಸಲು ಲಿವರ್ ಜೊತೆ ಗುದ್ದಾಡುತ್ತಾರೆ.

ಬ್ರೇಕ್ ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ ಬ್ಯಾಂಜೋ ಬೋಲ್ಟನ್ನು, ಕ್ಯಾಲಿಪರ್ ಇನ್ನೂ ಭದ್ರವಾಗಿ ಕೂತಿರುವಾಗಲೇ ಒಮ್ಮೆ ಸಡಿಲಿಸಿ, ಮತ್ತೆ ಹಗುರಾಗಿ ಬಿಗಿದಿಡಿ. ಕ್ಯಾಲಿಪರ್ ಕೈಯಲ್ಲಿ ತೂಗಾಡುವಾಗ ಅದನ್ನು ಸಡಿಲಿಸಲು ಹೋದರೆ ಹೋಸ್ ತಿರುಚುತ್ತದೆ.

ಗುಂಡು ಬಿಡಿಸುವುದು

ಲಿವರನ್ನು ಕೇಬಲ್ ಎಳೆಯುವ ದಿಕ್ಕಿಗೇ ಇನ್ನಷ್ಟು ತಿರುಗಿಸಿದರೆ ವೈರ್ ಸಡಿಲವಾಗಿ, ಗುಂಡು ಕೊಂಡಿಯಿಂದ ಜಾರಿ ಬರುತ್ತದೆ. ತಿರುಗದಿದ್ದರೆ ಕಾರಣ ಬಹುತೇಕ ಒಂದೇ: ಪ್ಯಾಡ್‌ಗಳು ಆಗಲೇ ಡಿಸ್ಕನ್ನು ಕಚ್ಚಿವೆ, ಲಿವರ್‌ಗೆ ಮುಂದೆ ಹೋಗಲು ಜಾಗವಿಲ್ಲ. ಆಗ ಸ್ಲೈಡರ್ ಬೋಲ್ಟ್‌ಗಳನ್ನು ತೆಗೆದು ಕ್ಯಾಲಿಪರನ್ನು ಡಿಸ್ಕ್‌ನಿಂದ ಹೊರಗೆ ತನ್ನಿ. ಪಿಸ್ಟನ್‌ಗೆ ಎದುರಾಗಿ ಏನೂ ಇಲ್ಲದಾಗ ಲಿವರ್ ತನ್ನ ಪೂರ್ತಿ ಓಟ ತಿರುಗುತ್ತದೆ. ಲಿವರೇ ತುಕ್ಕು ಹಿಡಿದಿದ್ದರೆ ಉದ್ದ ಹಿಡಿಕೆಯ ಇಕ್ಕಳದಿಂದ ಒರಟಾಗಿ ತಿರುಗಿಸಬಹುದು, ಮುರಿದರೂ ನಷ್ಟವಿಲ್ಲ.

ತೋಳು ಬಿಡಿಸುವುದು

ಕಷ್ಟ ಇರುವುದೇ ಇಲ್ಲಿ. ತೋಳು ಉಕ್ಕಿನದು, ಬ್ರಾಕೆಟ್ ಎರಕದ ಕಬ್ಬಿಣ ಅಥವಾ ಅಲ್ಯೂಮಿನಿಯಂ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಕಬ್ಬಿಣ ತುಕ್ಕಾದಾಗ ಮೂಲಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಆ ಸಂದು ತುಂಬಿದ ಮೇಲೆ ತುಕ್ಕು ಬೆಣೆಯಂತೆ ಒತ್ತುತ್ತದೆ. ಎಳೆದರೆ ಬೆಣೆ ಸಡಿಲವಾಗದು, ತಿರುಗಿಸಿದರೆ ಪುಡಿಯಾಗುತ್ತದೆ.

ಮೊದಲು ಹಿಡಿದಿಡುವ ಕ್ಲಿಪ್ ಯಾವುದು ಎಂದು ನೋಡಿ. ಯು ಆಕಾರದ ತಗಡಾದರೆ ಸ್ಕ್ರೂಡ್ರೈವರ್‌ನಿಂದ ಬಡಿದು ಹೊರಹಾಕಿ. ತೋಳಿನ ಸುತ್ತ ಸ್ಪ್ರಿಂಗ್ ಬೆರಳುಗಳಿದ್ದರೆ ಅವನ್ನೆಲ್ಲ ಒಟ್ಟಿಗೆ ಒಳಕ್ಕೆ ಅದುಮಬೇಕು. ವೈರ್ ತುದಿಯ ಕಡೆಯಿಂದ ಅಳತೆಗೆ ಹೊಂದುವ ರಿಂಗ್ ಸ್ಪ್ಯಾನರನ್ನು (ಅನೇಕ ಕಾರುಗಳಿಗೆ 12 ಅಥವಾ 13 ಮಿ.ಮೀ.) ಬೆರಳುಗಳ ಮೇಲೆ ದೂಡಿದರೆ ಎಲ್ಲ ಏಕಕಾಲಕ್ಕೆ ಮಡಚುತ್ತವೆ. ಸ್ಪ್ಯಾನರ್ ಹೋಗದಿದ್ದರೆ ಸಣ್ಣ ಹೋಸ್ ಕ್ಲಿಪ್ ಬಿಗಿದು ಅದುಮಬಹುದು. ಬೆರಳುಗಳ ಮಧ್ಯೆ ಮಣ್ಣು ಗಟ್ಟಿಕಟ್ಟಿದ್ದರೆ ಅವು ಮಡಚುವುದೇ ಇಲ್ಲ, ಮೊದಲು ವೈರ್ ಬ್ರಷ್‌ನಿಂದ ಉಜ್ಜಿ.

ತುಕ್ಕು ಬಿಡಿಸುವ ಎಣ್ಣೆಯನ್ನು ತೋಳಿನ ಎರಡೂ ಬದಿಗೆ ಹಾಕಿ, ಬ್ರಾಕೆಟ್ ಮೇಲೆ ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಕಾಯಿರಿ. ತಟ್ಟಿದ ಕಂಪನಕ್ಕೇ ಎಣ್ಣೆ ಒಳಗಿಳಿಯುವುದು. ಹಿಂದಿನ ಸಂಜೆಯೇ ಒಮ್ಮೆ ಹಾಕಿಟ್ಟರೆ ಇನ್ನೂ ಒಳ್ಳೆಯದು. ಡಿಸ್ಕ್ ಮತ್ತು ಪ್ಯಾಡನ್ನು ಬಟ್ಟೆಯಿಂದ ಮುಚ್ಚಿರಿ. ಬ್ರೇಕ್ ಹೋಸ್‌ಗೂ ಈ ಎಣ್ಣೆ ತಾಗದಿರಲಿ, ಪೆಟ್ರೋಲಿಯಂ ಎಣ್ಣೆಗೆ ಬ್ರೇಕಿನ ರಬ್ಬರ್ ಉಬ್ಬುತ್ತದೆ.

ಈಗ ತಿರುಗಿಸುವ ಕೆಲಸ. ಸಾಮಾನ್ಯವಾಗಿ ಕ್ಯಾಲಿಪರ್ ಕಾರಿನಲ್ಲೇ ಇದ್ದಾಗ ತೋಳನ್ನು ಇಕ್ಕಳದಲ್ಲಿ ಹಿಡಿದು ಹೊಸಕುತ್ತಾರೆ. ಇಕ್ಕಳಕ್ಕೆ ಜಾಗವೂ ಸಾಲದು, ಬಲವೂ ಸಾಲದು. ಅದಕ್ಕಿಂತ ಬ್ರೇಕ್ ಹೋಸ್ ಕಳಚಿ ಬಾಯಿಗೆ ಮುಚ್ಚಳ ಹಾಕಿ, ಕ್ಯಾಲಿಪರನ್ನು ಪೂರ್ತಿ ಬಿಡಿಸಿ, ಲಾಕಿಂಗ್ ಪ್ಲೈಯರ್‌ನಿಂದ ತೋಳಿನ ಲೋಹದ ಭಾಗವನ್ನು ಅಲುಗದಂತೆ ಹಿಡಿದು, ಕ್ಯಾಲಿಪರನ್ನೇ ಅದರ ಸುತ್ತ ಹಿಂದೆ ಮುಂದೆ ತಿರುಗಿಸಿ. ಕ್ಯಾಲಿಪರ್ ಮೈಯೇ ಉದ್ದ ಹಿಡಿಕೆಯಾಗುತ್ತದೆ. ಮೊದಲು ಕೂದಲಷ್ಟು ಅಲುಗುತ್ತದೆ, ಕೆಂಪು ಪುಡಿ ಉದುರುತ್ತದೆ, ಅಲ್ಲಿಗೆ ಗೆದ್ದಂತೆ. ಎಣ್ಣೆ ಹಾಕುತ್ತಾ ಓಟ ಹೆಚ್ಚಿಸಿ, ಆಮೇಲೆಯೇ ಎಳೆಯಿರಿ. ತಿರುಗದಂತೆ ಚಪ್ಪಟೆ ಅಂಚು ಕೊಟ್ಟ ತೋಳುಗಳೂ ಉಂಟು, ಅವನ್ನು ಹಿಂಬದಿಯಿಂದ ತಟ್ಟಿಯೇ ಹೊರಹಾಕಬೇಕು. ಪ್ಲೈಯರ್ ಹಲ್ಲು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬಿದ್ದರೆ ಅಲ್ಲಿಂದಲೇ ಮುಂದೆ ನೀರು ಒಳಹೋಗುತ್ತದೆ, ಹಿಡಿತ ಲೋಹದ ಮೇಲೆ ಮಾತ್ರ.

ಹೋಸ್ ಕಳಚಿದ ಹೊತ್ತಿನಲ್ಲಿ ದ್ರವ ಸೋರದಿರಲು ಬ್ರೇಕ್ ಪೆಡಲನ್ನು ಕೋಲಿನಿಂದ ಸ್ವಲ್ಪ ಒತ್ತಿ ಹಿಡಿಸಿದರೆ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ದ್ರವ ತಳ್ಳುವ ಭಾಗ) ದ್ರವ ಇಳಿಯುವ ರಂಧ್ರ ಮುಚ್ಚಿಕೊಳ್ಳುತ್ತದೆ. ಬಣ್ಣದ ಮೇಲೆ ಬಿದ್ದ ಬ್ರೇಕ್ ದ್ರವವನ್ನು ತಕ್ಷಣ ನೀರಿನಿಂದ ತೊಳೆಯಿರಿ.

ಬೆಂಕಿ ಹಚ್ಚುವ ಆಲೋಚನೆ ಎಲ್ಲರಿಗೂ ಬರುತ್ತದೆ. ಕೇಬಲ್ ಉಳಿಯಬೇಕೆಂದಿದ್ದರೆ ಬೇಡ: ಔಟರ್ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ವೈರ್‌ಗೆ ಅಂಟುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗ ಬಿಸಿಯಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದರ ಬದಲು ಹ್ಯಾಕ್ಸಾ ಹಿಡಿಯಿರಿ. ಬ್ರಾಕೆಟ್ ಉಂಗುರದ ಒಂದು ಬದಿಯನ್ನು ತೋಳಿಗೆ ತಾಗುವ ತುಸು ಮೊದಲಿನ ತನಕ ಕೊಯ್ದು, ಸೀಳಿಗೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ಉಂಗುರ ಬಾಯಿಬಿಡುತ್ತದೆ. ಎರಡು ಎಚ್ಚರಿಕೆ: ಹಳೆಯ ಕ್ಯಾಲಿಪರ್ ಹಿಂದಿರುಗಿಸಿ ಹೊಸದು ಪಡೆಯುವ ಏರ್ಪಾಡಿದ್ದರೆ ಕೊಯ್ದದ್ದನ್ನು ಒಪ್ಪದಿರಬಹುದು. ಬ್ರಾಕೆಟ್ ಬೋಲ್ಟ್‌ನಲ್ಲಿ ಕೂರುವ ಬಿಡಿ ಭಾಗವಾಗಿದ್ದರೆ, ಹೊಸ ಕ್ಯಾಲಿಪರ್ ಜೊತೆ ಅದು ಬಂದಿದೆಯೇ ಎಂದು ನೋಡದೆ ಕೊಯ್ಯಬೇಡಿ.

ಇನ್ನರ್ ವೈರ್ ಹಿಡಿದಿದ್ದರೆ

ಕೇಬಲ್ ಬದಲಿಸಿ. ಎಣ್ಣೆ ಹಾಕಿ ಓಡಿಸಿದರೆ ಕೆಲ ದಿನ ಓಡುತ್ತದೆ, ಆದರೆ ತುಕ್ಕಿನಿಂದ ಒರಟಾದ ಎಳೆಗಳು ಒಳಪದರವನ್ನು ಆಗಲೇ ಕೊರೆದಿರುತ್ತವೆ. ಹರಿದ ರಬ್ಬರ್ ಬೂಟ್, ಉಬ್ಬಿದ ಹೊದಿಕೆ, ಬಿಟ್ಟುಕೊಂಡ ಒಂದೇ ಒಂದು ಎಳೆ ಕಂಡರೂ ತೀರ್ಮಾನ ಅದೇ. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸುವುದು ಸರಿ, ಇಲ್ಲವಾದರೆ ಎಳೆತ ಸಮನಾಗಿ ಹಂಚುವುದಿಲ್ಲ.

ಮರುಜೋಡಣೆ ಮತ್ತು ಅಡ್ಜಸ್ಟ್ ಮಾಡುವ ಕ್ರಮ

ಹೊಸ ಕ್ಯಾಲಿಪರ್ ಕೂತಾಗ ಬ್ಲೀಡ್ ನಿಪ್ಪಲ್ (ಏರ್ ಹೊರಬಿಡುವ ತಿರುಪು) ಮೇಲ್ಗಡೆಗೆ ಬರಬೇಕು. ಕೆಳಗೆ ಬಂದರೆ ಎಡದ್ದನ್ನು ಬಲಕ್ಕೆ ಹಾಕಿದ್ದೀರಿ, ಏರ್ ಎಂದಿಗೂ ಹೋಗದು. ಪಿಸ್ಟನ್ ಒಳಗೆ ಹೋಗಬೇಕಾದರೆ ತಿರುಗಿಸಿಯೇ ಇಳಿಸಬೇಕು, ಜಿ ಕ್ಲ್ಯಾಂಪ್‌ನಿಂದ ಒತ್ತಿದರೆ ಒಳಗಿನ ಅಡ್ಜಸ್ಟರ್ (ಪ್ಯಾಡ್ ಸವೆದಂತೆ ಪಿಸ್ಟನ್ನನ್ನು ತಾನಾಗಿ ಹೊಂದಿಸುವ ಭಾಗ) ಹಾಳು. ಒಳ ಪ್ಯಾಡ್‌ನ ಬೆನ್ನಲ್ಲಿ ಸಣ್ಣ ಮೊಳೆಯಿದ್ದರೆ ಅದು ಪಿಸ್ಟನ್ ಮುಖದ ಕಚ್ಚಿಗೆ ಸರಿಯಾಗಿ ಕೂರಲಿ. ತಪ್ಪಿದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ, ಪಿಸ್ಟನ್ ತಿರುಗಿ ಸ್ವಯಂ ಹೊಂದಾಣಿಕೆಯೂ ಕೆಡುತ್ತದೆ. ಬ್ಯಾಂಜೋಗೆ ಎರಡು ಹೊಸ ತಾಮ್ರದ ವಾಷರ್, ಬಿಗಿತ ಕಾರಿನ ಕೈಪಿಡಿಯಂತೆ. ಬ್ರಾಕೆಟ್ ತೂತನ್ನು ಉಜ್ಜಿ, ತೋಳಿನ ಹೊರಮೈಗೆ ತೆಳುವಾಗಿ ತಾಮ್ರದ ಗ್ರೀಸ್ ಸವರಿದರೆ ಮುಂದಿನ ಸಲ ಈ ಗುದ್ದಾಟವಿಲ್ಲ.

ಕೊನೆಯ ಕ್ರಮದಲ್ಲಿ ಎಡವುವವರು ಬಹಳ. ಮೊದಲು ಏರ್ ತೆಗೆಯಿರಿ. ಕೇಬಲ್ ಇನ್ನೂ ಸಡಿಲವಿರುವಾಗಲೇ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಪಿಸ್ಟನ್ ಪ್ಯಾಡ್‌ಗೆ ಹೊಂದಿಕೊಳ್ಳಲಿ. ಅದಾದ ಮೇಲೆಯೇ ಕನ್ಸೋಲ್ ಕೆಳಗಿನ ನಟ್ ಬಿಗಿಯಬೇಕು. ಕೇಬಲ್ ಮೊದಲೇ ಬಿಗಿದರೆ ಲಿವರ್ ತನ್ನ ತಡೆಯಿಂದ ಎದ್ದು ನಿಲ್ಲುತ್ತದೆ, ಸ್ವಯಂ ಹೊಂದಾಣಿಕೆ ನಡೆಯುವುದಿಲ್ಲ, ಪೆಡಲ್ ಆಳಕ್ಕೆ ಹೋಗುತ್ತದೆ. ಏರ್ ಉಳಿದಿದೆ ಎಂದು ಭ್ರಮಿಸಿ ಮತ್ತೆ ಮತ್ತೆ ಬ್ಲೀಡ್ ಮಾಡುತ್ತಾ ಕೂರಬೇಕಾಗುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಎರಡೂ ಕ್ಯಾಲಿಪರ್‌ಗಳ ಲಿವರ್ ತಡೆಗೆ ಒರಗಿರಬೇಕು, ಅಥವಾ ಕೈಪಿಡಿ ಹೇಳಿದಷ್ಟೇ ಅಂತರ ಇರಬೇಕು. ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಕೈಪಿಡಿಯಲ್ಲಿ ಹೇಳಿದ ಕ್ಲಿಕ್‌ಗಳಲ್ಲಿ ಎರಡೂ ಬದಿ ಒಟ್ಟಿಗೆ ಹಿಡಿಯಬೇಕು. ಸ್ವಲ್ಪ ದೂರ ಓಡಿಸಿ ಬಂದು ಎರಡೂ ರಿಮ್‌ಗಳ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಬದಿಯ ಬ್ರೇಕ್ ಇನ್ನೂ ಪೂರ್ತಿ ಬಿಡುತ್ತಿಲ್ಲ.